ಹೇಮಂತದ ಹಂಸ: ಕವಿಸಮಯವೂ ಕಂಡ ಮಾತೂ

ಹೋದ ವರ್ಷದ ಕಾರ್ತಿಕ ಮಾಸದಲ್ಲಿ ನಮ್ಮ ಸಂಘದ ಕಾವ್ಯವಾಚನದ ದಿನ ಒಂದು ಸಣ್ಣ ಪ್ರಸಂಗ ನಡೆಯಿತು. ಅಂದು ಅರ್ಥ ಹೇಳುವ ಕೆಲಸ ನನ್ನದಾಗಿತ್ತು. ಶರದೃತುವಿನ ವರ್ಣನೆ ಬಂದಿತು. ತಿಳಿಯಾದ ಕೊಳ, ಅರಳಿದ ತಾವರೆ, ಮಾನಸ ಸರೋವರದಿಂದ ಮರಳಿದ ಹಂಸಗಳ ಸಾಲು ಎಂದು ನಾನು ಸರಾಗವಾಗಿ ಹೇಳುತ್ತಿದ್ದೆನು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಕಾಲೇಜಿನ ಹುಡುಗಿಯೊಬ್ಬಳು ಎದ್ದು, “ಗುರುಗಳೆ, ತಾವು ಹಂಸವನ್ನು ಕಣ್ಣಾರೆ ಕಂಡಿದ್ದೀರಾ?” ಎಂದು ಕೇಳಿದಳು. ಸಭೆಯಲ್ಲಿ ನಗು ಎದ್ದಿತು. “ಅದು ಕವಿಸಮಯ ತಾಯಿ, ಕಾಣತಕ್ಕ ವಸ್ತುವಲ್ಲ” ಎಂದು ಹೇಳಿ ನಾನು ಮುಂದಿನ ಪದ್ಯಕ್ಕೆ ಸರಿದೆನು. ಮೂವತ್ತು ವರ್ಷಗಳಿಂದ ಇದೇ ಉತ್ತರವನ್ನು ಕೊಡುತ್ತ ಬಂದಿದ್ದೇನೆ. ಅಂದು ರಾತ್ರಿ ಮಾತ್ರ ಅದು ಉತ್ತರವಲ್ಲ, ಪ್ರಶ್ನೆಯಿಂದ ತಪ್ಪಿಸಿಕೊಳ್ಳುವ ಉಪಾಯವೆಂದು ತೋರಿತು. ಈ ಲೇಖನವು ಆ ಹುಡುಗಿಗೆ ತಡವಾಗಿ ಒಪ್ಪಿಸುವ ಉತ್ತರ.

ನಮ್ಮ ಹಳೆಯ ಕಾವ್ಯಗಳ ಮೇಲೆ ಹೊಸಗಾಲದ ವಿಮರ್ಶಕರು ಹೊರಿಸುವ ಆರೋಪ ವಾಚಕರಿಗೆ ತಿಳಿದದ್ದೇ. ದಂಡಿಯು ಕಾವ್ಯಾದರ್ಶದಲ್ಲಿ ಮಹಾಕಾವ್ಯಕ್ಕೆ ನಗರ, ಸಮುದ್ರ, ಪರ್ವತ, ಋತು ಮೊದಲಾದ ವರ್ಣನೆಗಳು ಬೇಕೆಂದನು. ಕನ್ನಡದ ಕವಿಗಳು ಆ ಪಟ್ಟಿಯನ್ನು ಮುಂದಿಟ್ಟುಕೊಂಡು ಬರೆದರು. ಕಣ್ಣೆದುರಿನ ನಾಡನ್ನು ನೋಡಲಿಲ್ಲ. ಆದುದರಿಂದ ಅವರ ಹಕ್ಕಿಗಳೆಲ್ಲ ಕಾಗದದ ಹಕ್ಕಿಗಳು ಎಂಬುದೇ ಆ ಆರೋಪ. ಇದಕ್ಕೆ ನಾವು ಸಂಪ್ರದಾಯಸ್ಥರು ಕೊಡುವ ಸಮಾಧಾನವೆಂದರೆ, ಕಾವ್ಯದ ಲೋಕ ಬೇರೆ, ಅಲ್ಲಿ ಹಕ್ಕಿ ಇದೆಯೋ ಇಲ್ಲವೋ ಎಂದು ಕೇಳುವುದು ಅರಸಿಕತೆ ಎಂದು. ಈ ಎರಡು ಪಕ್ಷಗಳೂ ಒಂದು ವಿಷಯದಲ್ಲಿ ಏಕಾಭಿಪ್ರಾಯವುಳ್ಳವಾಗಿವೆ: ಹಂಸವನ್ನು ಯಾರೂ ನೋಡಿಲ್ಲ, ನೋಡಲು ಬರುವುದೂ ಇಲ್ಲ ಎಂಬುದರಲ್ಲಿ. ಅಲ್ಲಿಯೇ ಇಬ್ಬರೂ ಎಡವಿದ್ದೇವೆಂದು ಈಗ ನನಗೆ ತೋರುತ್ತದೆ.

ಕವಿಸಮಯವೆಂಬ ಮಾತಿಗೆ ಮೂಲದಲ್ಲಿ ಏನು ಅರ್ಥವಿತ್ತೆಂಬುದನ್ನು ಮೊದಲು ನೋಡಬೇಕು. ಸುಮಾರು ಕ್ರಿ.ಶ. 900ರಲ್ಲಿದ್ದ ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಇದನ್ನು ವಿಸ್ತಾರವಾಗಿ ಚರ್ಚಿಸಿದ್ದಾನೆ. ಕನ್ನಡದಲ್ಲಿ ನಾಗವರ್ಮನ ಕಾವ್ಯಾವಲೋಕನವು ಇದಕ್ಕಾಗಿ ಒಂದು ಅಧಿಕರಣವನ್ನೇ ಮೀಸಲಿಟ್ಟಿದೆ. ಇಲ್ಲದುದನ್ನು ಇದೆಯೆಂದು ಹೇಳುವ ಬಗೆಗೆ ರಾಜಶೇಖರನು ಕೊಡುವ ಉದಾಹರಣೆಗಳಲ್ಲಿ, ನೀರಿರುವ ಕಡೆಯಲ್ಲೆಲ್ಲ ಹಂಸವನ್ನು ವರ್ಣಿಸುವುದೂ ಒಂದು. ಇದನ್ನು ಎಲ್ಲರೂ ನೆನಪಿಡುತ್ತಾರೆ. ಅದಕ್ಕೆ ಮುಂಚೆ ಅವನು ಹೇಳಿರುವ ಮಾತನ್ನು ಮಾತ್ರ ಮರೆಯುತ್ತಾರೆ. ಇವೆಲ್ಲ ಸುಳ್ಳಲ್ಲವೇ, ದೋಷವಲ್ಲವೇ ಎಂಬ ಆಕ್ಷೇಪಕ್ಕೆ ಅವನ ಉತ್ತರದ ತಾತ್ಪರ್ಯ ಹೀಗಿದೆ: ಹಿಂದಿನ ವಿದ್ವಾಂಸರು ವೇದಶಾಸ್ತ್ರಗಳನ್ನು ಬಲ್ಲವರಾಗಿ, ದೇಶಾಂತರ ದ್ವೀಪಾಂತರಗಳನ್ನು ಸುತ್ತಿ, ತಾವು ಕಂಡರಿತುದನ್ನು ಬರೆದರು, ದೇಶವೂ ಕಾಲವೂ ಬೇರೆಯಾದುದರಿಂದ ಇಂದು ಅದು ಹಾಗೆ ಇರಲಾರದು, ಆದರೂ ಅವರು ಹೇಳಿದಂತೆಯೇ ಹೇಳುವುದು ಕವಿಸಮಯ. ಅಂದರೆ ರಾಜಶೇಖರನ ಮತದಲ್ಲಿ ಕವಿಸಮಯವು ಕಲ್ಪನೆಯಲ್ಲ. ಅದು ಹಳೆಯದೊಂದು ಕಾಣ್ಕೆ. ಕಂಡವನ ಹೆಸರು ಅಳಿಸಿಹೋಗಿ, ಕಂಡ ಊರೂ ಕಂಡ ತಿಂಗಳೂ ಮರೆತುಹೋಗಿ, ಮಾತು ಮಾತ್ರ ಉಳಿದದ್ದು. ಹೀಗಿದ್ದ ಮೇಲೆ ವಿಮರ್ಶಕನು ಮಾಡಬೇಕಾದ ಕೆಲಸ ಆ ಮಾತನ್ನು ಪೂಜಿಸುವುದೂ ಅಲ್ಲ, ಎಸೆಯುವುದೂ ಅಲ್ಲ. ಯಾವ ಊರಿನಲ್ಲಿ, ಯಾವ ತಿಂಗಳಿನಲ್ಲಿ ಅದು ನಿಜವಾಗಿದ್ದೀತೆಂದು ವಿಚಾರಿಸಬೇಕು.

ಹಂಸವೆಂದರೆ ಯಾವ ಹಕ್ಕಿ? ಚಿತ್ರಪಟಗಳಲ್ಲಿ ಸರಸ್ವತಿಯ ಪಕ್ಕದಲ್ಲಿ ಬರೆಯುವ ನೀಳಗೊರಳಿನ ಬಿಳಿಯ ಹಕ್ಕಿ ಐರೋಪ್ಯರ ‘ಸ್ವಾನ್’. ಅದು ನಮ್ಮ ದೇಶದ ವಾಯವ್ಯ ಮೂಲೆಗೆ ಎಲ್ಲಿಯೋ ಅಪರೂಪಕ್ಕೆ ಬರುವುದೇ ಹೊರತು ಇಲ್ಲಿಯ ಕೆರೆಗಳನ್ನು ಕಂಡದ್ದಲ್ಲ. ಡಚ್ ವಿದ್ವಾಂಸನಾದ ಫೋಗೆಲ್ ಭಾರತೀಯ ಸಾಹಿತ್ಯ ಶಿಲ್ಪಗಳಲ್ಲಿಯ ಹಂಸವನ್ನು ಕುರಿತು 1962ರಲ್ಲಿ ಪ್ರಕಟವಾದ ಒಂದು ಗ್ರಂಥವನ್ನೇ ಬರೆದು, ಅದು ಹೆಬ್ಬಾತಿನ ಜಾತಿಯ ಹಕ್ಕಿಯೆಂದು ವಾದಿಸಿದನು. ಹೆಬ್ಬಾತುಗಳಲ್ಲಿ ಕನ್ನಡನಾಡಿನವರೆಗೆ ದೊಡ್ಡ ಹಿಂಡುಗಳಾಗಿ ಬರುವುದು ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆಗಳುಳ್ಳ ಹೆಬ್ಬಾತು. ಟಿಬೆಟ್, ಲಡಾಖ್, ಮಂಗೋಲಿಯ ಮೊದಲಾದ ಎತ್ತರದ ನಾಡುಗಳ ಸರೋವರಗಳಲ್ಲಿ ಬೇಸಗೆಯನ್ನು ಕಳೆದು, ಮರಿಮಾಡಿ, ಚಳಿಗಾಲಕ್ಕೆ ಅದು ಹಿಮಾಲಯವನ್ನು ದಾಟಿ ದಕ್ಷಿಣಕ್ಕೆ ಇಳಿಯುತ್ತದೆ. 7,000 ಮೀಟರಿಗೂ ಮೇಲೆ ಅದು ಹಾರಿದುದನ್ನು ಯಂತ್ರಗಳಿಂದ ಅಳೆದಿದ್ದಾರೆ. ಅಷ್ಟು ತೆಳುವಾದ ಗಾಳಿಯಲ್ಲಿಯೂ ಪ್ರಾಣವಾಯುವನ್ನು ಹಿಡಿಯಬಲ್ಲ ರಕ್ತ ಅದರದು. ಮಂಗೋಲಿಯದಲ್ಲಿ ಕೊರಳಿಗೆ ಗುರುತಿನ ಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಮೈಸೂರು ಜಿಲ್ಲೆಯ ಹದಿನಾರು ಕೆರೆಯಲ್ಲಿ ಕಾಣಿಸಿಕೊಂಡಿವೆ. ಮೇಘದೂತದ ಹಂಸಗಳು ಕ್ರೌಂಚಪರ್ವತದ ಕಂಡಿಯಲ್ಲಿ ನುಸುಳಿ ಮಾನಸಕ್ಕೆ ಹೋಗುತ್ತವೆಂಬುದನ್ನು ನಾನು ಎಷ್ಟೋ ವರ್ಷ ಸೊಗಸಾದ ಉತ್ಪ್ರೇಕ್ಷೆಯೆಂದು ಪಾಠ ಹೇಳಿದ್ದೆನು. ಅದು ಉತ್ಪ್ರೇಕ್ಷೆಯಲ್ಲ, ದಾರಿಯ ವಿವರ.

ಪುಸ್ತಕದಿಂದ ಇಷ್ಟನ್ನು ತಿಳಿದ ಮೇಲೆ ನೋಡದೆ ಕೂರುವುದು ಸಾಧ್ಯವಾಗಲಿಲ್ಲ. ಪುಷ್ಯ ಮಾಸದಲ್ಲಿ ಮಿತ್ರರೊಬ್ಬರೊಡನೆ ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಹೋದೆನು. (ಬೆಂಗಳೂರಿನ ಬಳಿಯ ಮಾಗಡಿಯೆಂದು ಭ್ರಮಿಸಿ ನನ್ನ ಇನ್ನೊಬ್ಬ ಮಿತ್ರರು ಆ ಕಡೆಗೆ ಹೊರಟಿದ್ದರು.) ದೊಡ್ಡ ಕೆರೆಯೇನೂ ಅಲ್ಲ, ಆದರೂ ಈ ಹೆಬ್ಬಾತುಗಳ ಮೂಲಕವೇ ಅದು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿ ಲೋಕದ ಗಮನಕ್ಕೆ ಬಂದಿತು. ನಾವು ತಲುಪಿದಾಗ ಬೆಳಗಿನ ಮಂಜು ಇನ್ನೂ ನೀರಿನ ಮೇಲಿತ್ತು. ಮೊದಲು ಕೇಳಿಸಿದುದು ದನಿ: ಮೂಗಿನಿಂದ ಹೊರಡುವ, ಒಡೆದ ಕಹಳೆಯಂತಹ ಕೂಗು. ಹಂಸದ ಇನಿದನಿಯನ್ನು ನಂಬಿ ಬಂದವನಿಗೆ ಅದೊಂದು ಪೆಟ್ಟೇ ಸರಿ. ಅನಂತರ ಹೊಲಗಳ ಕಡೆಯಿಂದ ಒಂದು ಸಾಲು ಬಂದಿತು, ಅದರ ಹಿಂದೆ ಇನ್ನೊಂದು. ರೆಕ್ಕೆ ಬಿಗಿಹಿಡಿದು, ಕಾಲು ಚಾಚಿ, ನೀರನ್ನು ಸೀಳುತ್ತ ಇಳಿದುವು. ಬಿಸಿಲೇರುವ ಹೊತ್ತಿಗೆ ನೂರಾರು ಹಕ್ಕಿಗಳು ದಡದ ಕೆಸರಿನಲ್ಲಿ ಒಂಟಿಗಾಲಿನಲ್ಲಿ ನಿಂತು ನಿದ್ದೆ ಮಾಡುತ್ತಿದ್ದುವು.

ಕೆರೆಯಂಗಳದ ಹೊಲದ ಯಜಮಾನನನ್ನು ಮಾತಿಗೆಳೆದು, ಇವು ಹಂಸಗಳೆಂದು ನಮ್ಮ ಕಾವ್ಯಗಳು ಹೇಳುತ್ತವೆಯೆಂದೆನು. ಆತನು ತಲೆಯ ರುಮಾಲನ್ನು ಸರಿಪಡಿಸಿಕೊಂಡು, “ಹಂಸ ಇರಬಹುದ್ರೀ. ಆದರ ನಮ್ಮ ಕಡಲಿ ಹೊಲಕ್ಕ ಇವು ದನಾನs ಸರಿ” ಎಂದನು. ನಿಜವೇ. ಈ ಹಕ್ಕಿ ಹಗಲು ನೀರಿನಲ್ಲಿ ತಂಗಿ, ಸಂಜೆ ನಸುಕುಗಳಲ್ಲಿ ಹೊಲಕ್ಕೆ ನಡೆದು ದನದಂತೆ ಮೇಯುತ್ತದೆ. ಹಾಲುನೀರನ್ನು ಬೇರ್ಪಡಿಸುವ ಮಾತನ್ನು ಅಮೆರಿಕದ ಸಂಸ್ಕೃತ ವಿದ್ವಾಂಸ ಲ್ಯಾನ್ಮನ್ 1898ರಲ್ಲಿಯೇ ಪರಿಶೀಲಿಸಿ, ಅಲ್ಲಿ ಕ್ಷೀರವೆಂದರೆ ತಾವರೆಯ ದಂಟಿನ ಹಾಲಿನಂತಹ ರಸವಿರಬೇಕೆಂದು ಊಹಿಸಿದ್ದನು. ಊಹೆ ಜಾಣತನದ್ದು. ಮಾಗಡಿಯ ರೈತನಿಗೆ ಅದರಿಂದ ಪ್ರಯೋಜನವಿಲ್ಲ.

ಹಾಗಾದರೆ ನಮ್ಮ ಕವಿಗಳ ಮೇಲಿನ ಆರೋಪ ಬಿದ್ದುಹೋಯಿತೇ? ಇಲ್ಲ, ಅದು ಬೇರೊಂದು ಕಡೆಯಿಂದ ಇನ್ನಷ್ಟು ಬಲವಾಗಿ ಎದ್ದು ನಿಲ್ಲುತ್ತದೆ. ಕನ್ನಡನಾಡಿನ ಕೆರೆಯಲ್ಲಿ ಹಂಸವನ್ನು ಇರಿಸಿದುದು ಸುಳ್ಳಲ್ಲ. ಇರಿಸಿದ ರೀತಿಯಲ್ಲಿ ಮಾತ್ರ, ಅವರು ಅದನ್ನು ಕಂಡು ಇರಿಸಲಿಲ್ಲವೆಂಬುದು ಗೊತ್ತಾಗುತ್ತದೆ. ಈ ಹಕ್ಕಿಯನ್ನು ಒಮ್ಮೆ ನೋಡಿದವನ ಮನಸ್ಸಿನಲ್ಲಿ ಮೊದಲು ನಿಲ್ಲುವುದು ಬಿಳಿಯ ತಲೆಯ ಮೇಲಣ ಆ ಎರಡು ಕಪ್ಪು ಗೀರುಗಳು. ನಾನು ಓದಿದ ಕನ್ನಡ ಕಾವ್ಯಗಳಲ್ಲಿ ಅವು ಒಂದು ಕಡೆಯೂ ಬಂದಿಲ್ಲ. ಹೋಲಿಕೆಗಾಗಿ ಹಂಬಲಿಸುವ ಕವಿಗೆ, ಲಲಾಟದಲ್ಲಿ ಗೀರಿಟ್ಟ ಹಕ್ಕಿಗಿಂತ ಹೆಚ್ಚಿನ ನಿಧಿ ಯಾವುದು? ವೈಷ್ಣವನಾದರೂ ಶೈವನಾದರೂ ಬಿಡುತ್ತಿದ್ದನೇ? ಇದು ಒಂದು.

ಎರಡನೆಯದು ಕಾಲದ ಮಾತು. ಕಾವ್ಯದ ಹಂಸಗಳು ಶರದೃತುವಿನಲ್ಲಿ ಮರಳುತ್ತವೆ. ಗಂಗೆಯ ಬಯಲಿನಲ್ಲಿ ಅದು ಒಪ್ಪುವ ಲೆಕ್ಕ. ಆಶ್ವಯುಜ ಕಾರ್ತಿಕಗಳಲ್ಲಿ ಅಲ್ಲಿ ಹಕ್ಕಿಗಳು ಇಳಿಯುತ್ತವೆ. ಅವು ನಮ್ಮ ಕೆರೆಗಳನ್ನು ಮುಟ್ಟುವಾಗ ನವೆಂಬರ್ ಬಂದಿರುತ್ತದೆ. ತುಂಬಿ ಕಾಣುವುದು ಮಾರ್ಗಶಿರ ಪುಷ್ಯಗಳಲ್ಲಿ, ಎಂದರೆ ಹೇಮಂತದಲ್ಲಿ. ಒಬ್ಬ ಕನ್ನಡ ಕವಿ ತನ್ನೂರ ಕೆರೆಯ ಏರಿಯ ಮೇಲೆ ಒಂದು ಚಳಿಗಾಲ ನಡೆದಾಡಿದ್ದರೆ, ಹಂಸವನ್ನು ಶರತ್ತಿನ ಮನೆಯಿಂದ ಎತ್ತಿ ಹೇಮಂತದ ಮನೆಗೆ ಸಾಗಿಸುತ್ತಿದ್ದನು. ನನಗೆ ತಿಳಿದಮಟ್ಟಿಗೆ ಯಾರೂ ಸಾಗಿಸಲಿಲ್ಲ. ಸಂಸ್ಕೃತದ ಪಂಚಾಂಗವನ್ನು ಹಾಗೆಯೇ ಇಳಿಸಿಕೊಂಡು ನಮ್ಮ ಹೇಮಂತವನ್ನು ಹಕ್ಕಿಗಳಿಲ್ಲದ ಋತುವಾಗಿ ಮಾಡಿದರು. ವಸಂತಕ್ಕೆ ಕೋಗಿಲೆಯಿದೆ, ಮಳೆಗಾಲಕ್ಕೆ ನವಿಲೂ ಚಾತಕವೂ ಇವೆ. ಹೇಮಂತಕ್ಕೆ ಬಾಡಿದ ತಾವರೆಯೂ ನಡುಗುವ ವಿರಹಿಯೂ ಉಳಿದರು. ಆದರೆ ನಿಜಸ್ಥಿತಿಯಲ್ಲಿ ಈ ನಾಡಿನ ಬಯಲುಸೀಮೆಯ ಕೆರೆಗಳಿಗೆ ಹಕ್ಕಿಗಳ ಸುಗ್ಗಿ ಇದೇ ಕಾಲ. ಅಂದು ಮಾಗಡಿಯಲ್ಲಿ ಸೂಜಿಬಾಲದ ಬಾತುಗಳಿದ್ದುವು. ಕೆಸರಿನ ಅಂಚಿನಲ್ಲಿ ಬಾಲ ಕುಣಿಸುತ್ತ ಓಡುವ ಕುಂಡೆಕುಸ್ಕಗಳಿದ್ದುವು. ತಂತಿಯ ಮೇಲೆ ಅಂಬರಗುಬ್ಬಿಗಳು ಸಾಲಾಗಿ ಕುಳಿತಿದ್ದುವು. ಇವೆಲ್ಲ ಚಳಿಗಾಲದ ಅತಿಥಿಗಳು.

ಜಕ್ಕವಕ್ಕಿಯ ಕಥೆ ಇನ್ನೂ ಸ್ವಾರಸ್ಯವಾದುದು. ಚಕ್ರವಾಕವೆಂಬ ಆ ಕಾವಿಬಣ್ಣದ ಬಾತೂ ಹಿಮಾಲಯದಾಚೆಯಿಂದ ಚಳಿಗಾಲಕ್ಕೆ ಮಾತ್ರ ಬರುವ ಹಕ್ಕಿ. ಅದರ ಜೋಡಿಗಳು ಕತ್ತಲಲ್ಲಿಯೂ ಒಂದನ್ನೊಂದು ಕೂಗಿ ಕರೆಯುವುದುಂಟು. ರಾತ್ರಿಯ ಅಗಲಿಕೆಯ ಕಥೆ ಹುಟ್ಟಿದುದು ಆ ಕರೆಯಿಂದಲೇ ಇರಬೇಕು. ಆದರೆ ನಮ್ಮ ಕಾವ್ಯಗಳಲ್ಲಿ ಸೂರ್ಯ ಯಾವ ತಿಂಗಳಲ್ಲಿ ಮುಳುಗಿದರೂ ಜಕ್ಕವಕ್ಕಿ ಸಿದ್ಧವಾಗಿ ಕಾದಿರುತ್ತದೆ. ವೈಶಾಖದ ಸಂಜೆಗೂ ಅದು ತಪ್ಪದೆ ಬಂದು ಅಳುತ್ತದೆ. ಆ ಹೊತ್ತಿಗೆ ನಿಜವಾದ ಜಕ್ಕವಕ್ಕಿ ಲಡಾಖಿನಲ್ಲಿ ಗೂಡುಕಟ್ಟುತ್ತಿರುತ್ತದೆ.

ಕವಿಗಳು ಕಾಣದುದನ್ನು ಕೋಶಕಾರನು ಕಾಪಾಡಿದ್ದಾನೆಂಬುದು ನನಗೆ ಆಶ್ಚರ್ಯವನ್ನುಂಟುಮಾಡಿದ ಸಂಗತಿ. ಅಮರಕೋಶವನ್ನು ಬಾಯಿಪಾಠ ಮಾಡಿದವರು ನಮ್ಮಲ್ಲಿ ಇನ್ನೂ ಇದ್ದಾರೆ. ಅಮರಸಿಂಹನು ಹಂಸಗಳಲ್ಲಿ ಭೇದವನ್ನೆಣಿಸುವಾಗ ಕೊಕ್ಕಿನ ಮತ್ತು ಕಾಲುಗಳ ಬಣ್ಣವನ್ನು ಹಿಡಿಯುತ್ತಾನೆ: ಅವು ಕೆಂಪಾಗಿದ್ದರೆ ರಾಜಹಂಸ, ಮಾಸಲಾಗಿದ್ದರೆ ಮಲ್ಲಿಕಾಕ್ಷ, ಕಪ್ಪಾಗಿದ್ದರೆ ಧಾರ್ತರಾಷ್ಟ್ರ. ಸಲೀಂ ಅಲಿಯವರು 1941ರಲ್ಲಿ ಹೊರತಂದ ಭಾರತೀಯ ಪಕ್ಷಿಗಳ ಕೈಪಿಡಿಯನ್ನು ತೆರೆದರೂ ಹಕ್ಕಿಯನ್ನು ಗುರುತಿಸಲು ಇಂತಹ ಲಕ್ಷಣಗಳನ್ನೇ ಹೇಳಿರುವುದು ಕಾಣುತ್ತದೆ. ಯಾರೋ ಒಬ್ಬನು ಚಳಿಗಾಲದ ಬೆಳಗಿನಲ್ಲಿ ನೀರಿನ ಬಳಿ ಕುಳಿತು ಕಾಲಿನ ಬಣ್ಣವನ್ನು ಬೇರೆಬೇರೆಯಾಗಿ ಎಣಿಸಿದ್ದನೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಅಂಚೆ ಎಂಬ ಹಂಸದ ತದ್ಭವವೂ ಕೊಂಚೆ ಎಂಬ ಕ್ರೌಂಚದ ತದ್ಭವವೂ ಹಳಗನ್ನಡದಲ್ಲಿವೆ. ಹೆಸರು ಹೀಗೆ ನಾಲಗೆಗೆ ಒಗ್ಗಿ ಮೆತ್ತಗಾಗಿರುವಾಗ, ಹಕ್ಕಿ ಕಣ್ಣಿಗೆ ಒಗ್ಗದೆ ಹೋದುದು ಹೇಗೆ?

ಇಲ್ಲಿ ಪ್ರತಿವಾದಿಗಳು ಕೇಳಬಹುದು: ನೋಡಿ ಬರೆದವನು ತಪ್ಪುವುದಿಲ್ಲವೇ? ತಪ್ಪುತ್ತಾನೆ. ಅದಕ್ಕೆ ಅತ್ಯುತ್ತಮವಾದ ಉದಾಹರಣೆ ಇಂಗ್ಲಿಷಿನಲ್ಲಿದೆ. ಹ್ಯಾಂಪ್‌ಷೈರಿನ ಸೆಲ್ಬೋರ್ನ್ ಎಂಬ ಹಳ್ಳಿಯಲ್ಲಿ ಪಾದ್ರಿಯಾಗಿದ್ದ ಗಿಲ್ಬರ್ಟ್ ವೈಟ್ (1720–1793) ತನ್ನೂರಿನ ಹಕ್ಕಿ ಹುಳು ಗಿಡಗಳನ್ನು ಕುರಿತು ಪೆನಂಟ್, ಬ್ಯಾರಿಂಗ್‌ಟನ್ ಎಂಬಿಬ್ಬರಿಗೆ ಬರೆದ ಪತ್ರಗಳು 1789ರಲ್ಲಿ ಪುಸ್ತಕವಾಗಿ ಬಂದುವು. ನೋಡಲು ಒಂದೇ ತೆರನಾದ ಮೂರು ಪುಟ್ಟ ಹಕ್ಕಿಗಳನ್ನು, ಮುಖ್ಯವಾಗಿ ಅವುಗಳ ಹಾಡಿನಿಂದ, ಮೂರು ಬೇರೆ ಜಾತಿಗಳೆಂದು 1768ರಲ್ಲಿ ನಿರ್ಣಯಿಸಿದವನು ಆತನು. ಚಳಿಗಾಲದ ವಿಷಯದಲ್ಲಿ ಅವನ ಪುಟಗಳು ನನಗೆ ವಿಶೇಷವಾಗಿ ಪ್ರಿಯವಾದುವು. ಹಿಮ ಬಿದ್ದ ದಿನಗಳಲ್ಲಿ ಒಂದು ಪುಟ್ಟ ಹಕ್ಕಿ ಹುಲ್ಲುಮಾಡಿನ ಸೂರಿಗೆ ಬೆನ್ನುಕೆಳಗಾಗಿ ತೂಗಿ, ಒಂದೊಂದೇ ಹುಲ್ಲುಕಡ್ಡಿಯನ್ನೆಳೆದು ಒಳಗಡಗಿದ ನೊಣಗಳನ್ನು ಹಿಡಿಯುವುದನ್ನು ಅವನು ಕಂಡಿದ್ದಾನೆ. ಕ್ರಿಸ್ಮಸ್ಸಿನ ಸುಮಾರಿಗೆ ಹೊಲಗಳಿಗೆ ಬರುವ ಒಂದು ಜಾತಿಯ ಹಕ್ಕಿಗಳ ದೊಡ್ಡ ಹಿಂಡುಗಳಲ್ಲಿ ಹೆಚ್ಚುಕಡಮೆ ಎಲ್ಲವೂ ಹೆಣ್ಣುಗಳೇ ಎಂಬುದನ್ನೂ ಗಮನಿಸಿದ್ದಾನೆ.

ಇಂತಹವನು ಅಂಬರಗುಬ್ಬಿಯ ವಿಷಯದಲ್ಲಿ ಎಡವಿದನು. ಶಿಶಿರದಲ್ಲಿ ಅದು ಎಲ್ಲಿ ಹೋಗುತ್ತದೆ? ಅವನ ಕಾಲದ ಕೆಲವು ವಿದ್ವಾಂಸರು ಕೆರೆಯ ಕೆಸರಿನಲ್ಲಿ ನಿದ್ರಿಸುತ್ತದೆಂದು ನಂಬಿದ್ದರು. ವೈಟನು ಅಷ್ಟು ದೂರ ಹೋಗದಿದ್ದರೂ, ಕೆಲವು ಹಕ್ಕಿಗಳಾದರೂ ಪೊಟರೆ ಸಂದುಗಳಲ್ಲಿ ಅಡಗಿ ಮಲಗುತ್ತವೆಂಬ ಸಂದೇಹವನ್ನು ಕೊನೆಯವರೆಗೂ ಬಿಡಲಾರದೆ ಹೋದನು. ಅವನಿಗೆ ಕಾರಣವಿತ್ತು: ಎಲ್ಲವೂ ಹೋದುವೆಂದುಕೊಂಡ ಮೇಲೂ ನವೆಂಬರಿನ ಒಂದು ಬೆಚ್ಚನೆಯ ದಿನ ನಾಲ್ಕಾರು ಮತ್ತೆ ಕಾಣಿಸುತ್ತಿದ್ದುವು. ಜಿಬ್ರಾಲ್ಟರಿನಲ್ಲಿದ್ದ ಅವನ ತಮ್ಮನು ಹಕ್ಕಿಗಳು ಕಡಲನ್ನು ದಾಟುವುದನ್ನು ಕಂಡು ಬರೆದಿದ್ದನು. ವೈಟನು ಅದನ್ನೂ ಅಲ್ಲಗಳೆಯಲಿಲ್ಲ. ಆಳುಗಳನ್ನು ಹಚ್ಚಿ ಅಡಗುದಾಣಗಳನ್ನು ಹುಡುಕಿಸಿದನು, ಏನೂ ಸಿಗಲಿಲ್ಲ, ಸಿಗಲಿಲ್ಲವೆಂಬುದನ್ನೂ ಬರೆದಿಟ್ಟನು. 1911ರಲ್ಲಿ ಇಂಗ್ಲೆಂಡಿನಲ್ಲಿ ಕಾಲಿಗೆ ಉಂಗುರ ತೊಡಿಸಿದ ಒಂದು ಅಂಬರಗುಬ್ಬಿ 1912ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕದ ನಟಾಲಿನಲ್ಲಿ ಸಿಕ್ಕಿದಾಗ ಆ ಪ್ರಶ್ನೆ ಮುಗಿಯಿತು.

ವಿಚಿತ್ರವೇನೆಂದರೆ, ಹಕ್ಕಿಗಳು ಪರ್ವತಗಳನ್ನು ದಾಟಿ ಋತುವಿಗೊಮ್ಮೆ ಹೋಗಿಬರುತ್ತವೆಂಬ ವಿಷಯದಲ್ಲಿ ನಮ್ಮ ಕವಿಗಳು ವೈಟನಿಗಿಂತ ಸಾವಿರ ವರ್ಷಕ್ಕೂ ಮುಂಚೆ ಸರಿಯಾಗಿದ್ದರು. ಆದರೂ ನಾನು ವೈಟನ ತಪ್ಪನ್ನು ನಮ್ಮ ಕವಿಗಳ ಸರಿಗಿಂತ ಮೇಲೆಂದೆಣಿಸುತ್ತೇನೆ. ಅವನ ಪುಟದಲ್ಲಿ ತಿಂಗಳಿದೆ, ದಿನವಿದೆ, ಕಂಡ ಜಾಗವಿದೆ. ಇನ್ನೊಬ್ಬನು ಬಂದು ಅವನನ್ನು ತಿದ್ದಬಹುದು. ನಮ್ಮವರ ಪದ್ಯದಲ್ಲಿ ತಿದ್ದುವುದಕ್ಕೆ ಹಿಡಿಯೇ ಇಲ್ಲ. ಕಾಳಿದಾಸನ ಹಂಸಗಳು ಆಷಾಢದ ಮೊದಲ ಮೋಡವನ್ನು ಕಂಡು ಹೊರಡುತ್ತವೆ. ನಿಜವಾದ ಹೆಬ್ಬಾತುಗಳು ಮಾರ್ಚ್, ತಪ್ಪಿದರೆ ಏಪ್ರಿಲ್ ಹೊತ್ತಿಗೆ ಹೊರಟುಹೋಗಿರುತ್ತವೆ. ಮಳೆಗೆ ಎರಡು ಮೂರು ತಿಂಗಳು ಮುಂಚೆಯೇ. ಈ ತಪ್ಪನ್ನು ಶತಮಾನಗಳ ಉದ್ದಕ್ಕೂ ಒಬ್ಬರ ಕೈಯಿಂದ ಒಬ್ಬರು ಭಕ್ತಿಯಿಂದ ಪಡೆದುಕೊಂಡರು. ತಪ್ಪಿನ ಮೂಲವನ್ನು ಊಹಿಸುವುದು ಕಷ್ಟವಲ್ಲ. ಬಂದ ಹಕ್ಕಿ ಕಣ್ಣಿಗೆ ಬೀಳುತ್ತದೆ, ಹೋದುದು ಬೀಳುವುದಿಲ್ಲ. ಮೊದಲ ಮಳೆಗೆ ಕೆರೆಯ ಕಡೆ ತಿರುಗಿ ನೋಡಿದವನಿಗೆ ಹಂಸಗಳಿರಲಿಲ್ಲ. ಆದುದರಿಂದ ಮಳೆಗೆ ಹೆದರಿ ಹೋದುವೆಂದುಕೊಂಡನು.

ಇಲ್ಲಿ ನಾನು ಅತಿಗೆ ಹೋಗಬಾರದು. ಕಾಳಿದಾಸನದೆಂದು ಹೇಳುವ ಋತುಸಂಹಾರದಲ್ಲಿ, ಹೇಮಂತದ ಮಾಗಿದ ಬತ್ತದ ಗದ್ದೆಗಳಲ್ಲಿ ಕ್ರೌಂಚಗಳ ಕೂಗು ಕೇಳಿಸುತ್ತದೆ. ಉತ್ತರದವರು ಇಂದಿಗೂ ಕೂಂಜ್, ಕುರ್ಜಾ ಎಂದು ಕರೆಯುವ, ಚಳಿಗಾಲಕ್ಕೆ ಸಾವಿರಗಟ್ಟಲೆ ಬಂದು ಕಾಳಿನ ಹೊಲಗಳಲ್ಲಿ ಇಳಿಯುವ ಹಕ್ಕಿಯನ್ನೇ ಅದು ಹೇಳುವುದಾದರೆ, ಹಕ್ಕಿ, ಪೈರು, ತಿಂಗಳು ಮೂರೂ ಒಂದಕ್ಕೊಂದು ಹೊಂದುತ್ತವೆ. ರಾಜಸ್ಥಾನದ ಖೀಚನ್ ಎಂಬ ಹಳ್ಳಿಯ ಜನ ಚಳಿಗಾಲವೆಲ್ಲ ಅವಕ್ಕೆ ಕಾಳು ಚೆಲ್ಲಿ ಸಾಕುತ್ತಾರೆ. ಆ ಪದ್ಯವನ್ನು ಬರೆದವನು ಗದ್ದೆಯ ಬದುವಿನ ಮೇಲೆ ನಿಂತಿದ್ದನೆಂಬುದರಲ್ಲಿ ನನಗೆ ಸಂದೇಹವಿಲ್ಲ. ನಮ್ಮ ಪಂಪನೂ 941ರ ತನ್ನ ಭಾರತದಲ್ಲಿ ಬನವಾಸಿಯನ್ನು ನೆನೆದು, ಅಲ್ಲಿ ಮರಿದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟಬೇಕೆಂದು ಬಯಸಿದಾಗ, ಹಕ್ಕಿಗೆ ಒಂದು ಊರನ್ನು ಕೊಟ್ಟನು. ಆ ಕೋಗಿಲೆಯನ್ನು ಯಾರೂ ಕವಿಸಮಯವೆಂದು ಓದುವುದಿಲ್ಲ. ಬೇಂದ್ರೆಯವರ ‘ಗರಿ’ಯಲ್ಲಿ ಬರುವ ಕಾಲಪಕ್ಷಿಗೂ, ಅನುಭಾವಿಗಳ ಪರಮಹಂಸಕ್ಕೂ ಈ ಪರೀಕ್ಷೆ ಸಲ್ಲದು, ಅವು ಕೆರೆಗೆ ಇಳಿಯುವ ಹಕ್ಕಿಗಳಲ್ಲ. ಕೆರೆಗಿಳಿಸಿದ ಹಕ್ಕಿಗೆ ಮಾತ್ರ ಕೆರೆಯ ಸಾಕ್ಷಿಯನ್ನು ಕೇಳುತ್ತಿದ್ದೇನೆ.

ಹೊಸಗನ್ನಡದಲ್ಲಿ ಈ ಸಾಲವನ್ನು ತೀರಿಸಿದವರು ಹೆಚ್ಚಾಗಿ ಗದ್ಯಕಾರರು. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ (1933) ಬಂದಾಗ ಕಾಡಿಗೂ ಊರಿಗೂ ಹೆಸರು ಬಂದಿತು. ಅವರ ಮಗ ಪೂರ್ಣಚಂದ್ರ ತೇಜಸ್ವಿ ಕನ್ನಡನಾಡಿನ ಹಕ್ಕಿಗಳನ್ನು ಕುರಿತು ಪುಸ್ತಕಗಳನ್ನೇ ಬರೆದು, ಚಿತ್ರ ತೆಗೆದು, ಹಳ್ಳಿಯವರ ಬಾಯಲ್ಲಿದ್ದ ಹೆಸರುಗಳನ್ನು ಓದುವವರ ಮನೆಗಳಿಗೆ ತಂದರು. ಅವರದು ಮಲೆನಾಡಿನ ಕಣ್ಣು. ಬಯಲುಸೀಮೆಯ ಕೆರೆ, ಅದರ ಏರಿಯ ಜಾಲಿ, ಪುಷ್ಯ ಮಾಸದ ಮಂಜು, ಕಡಲೆ ಹೊಲದ ಹಂಸ—ಇವಕ್ಕೆ ಅಂತಹ ಬರಹಗಾರನು ಇನ್ನೂ ಬರಬೇಕಾಗಿದೆ. ನಮ್ಮ ಜಿಲ್ಲೆಯ ತರುಣರಲ್ಲಿ ಒಬ್ಬರಾದರೂ ಈ ಕೆಲಸಕ್ಕೆ ಕೈಹಾಕಿದರೆ, ಸಂಘದ ಮುಂದಿನ ಸಂಚಿಕೆಗಳಲ್ಲಿ ಪುಟಗಳಿಗೆ ಕೊರತೆಯಾಗದೆಂದು ಸಂಪಾದಕರು ಮಾತು ಕೊಟ್ಟಿದ್ದಾರೆ.

ಫಾಲ್ಗುಣದ ಹುಣ್ಣಿಮೆ ಕಳೆದು ನಾಲ್ಕು ದಿನಗಳಿಗೆ ಮತ್ತೆ ಮಾಗಡಿಗೆ ಹೋದೆನು. ಈ ಸಲ ಆ ಹುಡುಗಿಯೂ ಅವಳ ತಂದೆತಾಯಿಗಳೂ ಜೊತೆಗಿದ್ದರು. ಅವಳು ಒಂದು ಬರೆಯುವ ಪುಸ್ತಕವನ್ನು ತಂದಿದ್ದಳು. ಕೆರೆಯಲ್ಲಿ ನೀರು ಇಳಿದಿತ್ತು. ಕೊಕ್ಕರೆಗಳು ನಾಲ್ಕಾರು ನಿಂತಿದ್ದುವು. ಹೆಬ್ಬಾತು ಒಂದೂ ಇರಲಿಲ್ಲ. ಹಿಂದಿನ ಸಲ ಮಾತನಾಡಿಸಿದ್ದ ಯಜಮಾನನು ಹೊಲದಲ್ಲಿಯೇ ಸಿಕ್ಕಿದನು. “ಅಜ್ಜಾರ, ಹಕ್ಕಿ ಯಾವತ್ತ ಹೋದುವ್ರೀ?” ಎಂದು ಅವಳು ಕೇಳಿದಳು. ಆತನು ಕೆರೆಯ ಕಡೆಗೊಮ್ಮೆ ನೋಡಿ, “ಯಾರ್ ನೋಡ್ಯಾರವ್ವಾ! ಹೋದ ಸಂತೀಗೆ ಇದ್ದಂಗಿದ್ದುವು” ಎಂದನು. ಅವಳು ಪುಸ್ತಕದಲ್ಲಿ ಅಂದಿನ ತಾರೀಖನ್ನು ಬರೆದು, ಅದರ ಮುಂದೆ ‘ಇಲ್ಲ’ ಎಂದು ಬರೆದುಕೊಂಡಳು.